ಹೆಗಲು ದಾಟುವ ಮೀನು

ಮೂವತ್ತೆಂಟು ಸೆಂಟಿಮೀಟರ್ ಅಗಲ, ಹನ್ನೆರಡು ಮೀಟರ್ ಉದ್ದ.
ಅಷ್ಟೇ ಅರಿವೆ. ಅದರಲ್ಲೇ ಒಬ್ಬಳ ಇಡೀ ಬೇಸಿಗೆ.
ಕತ್ತರಿ ಎಲ್ಲೂ ಸೊಟ್ಟಗೆ ಹೋಗುವಂತಿಲ್ಲ,
ಕಂಕುಳಿಗೆ ದುಂಡು ತೆಗೆಯುವಂತಿಲ್ಲ,
ಮೈಯೇ ಬಟ್ಟೆಗೆ ಹೊಂದಿಕೊಳ್ಳಬೇಕು.
ಇಷ್ಟನ್ನು ಹಮಾಮಾತ್ಸುವಿನ ಕುವಬಾರಾ ಸಾನ್
ಫೋನಿನ ಚೌಕದೊಳಗೆ ಕೂತು ಹೇಳುವಾಗ
ನಾನು ವರ್ಸೋವಾದ ಎರಡನೇ ಮಹಡಿಯಲ್ಲಿ, ಫ್ಯಾನಿನ ಕೆಳಗೆ,
ಗ್ರಾಫ್ ಹಾಳೆ ಹಾರದಂತೆ ನಾಲ್ಕು ಮೂಲೆಗೆ
ಮಸಾಲೆ ಡಬ್ಬಿ ಇಟ್ಟಿದ್ದೆ.

"ಯುಕಾತ ನೋಡಿದವರ ಕಣ್ಣು ಮೊದಲು ತಣ್ಣಗಾಗಬೇಕು," ಎಂದರು.
"ಉಟ್ಟವಳ ಮೈ ಆಮೇಲೆ."

ಮುಂಬಯಿಯ ಮೇ ತಿಂಗಳಲ್ಲಿ ತಣ್ಣಗಿರುವುದು ಏನು?
ಐಸ್ ಫ್ಯಾಕ್ಟರಿಯಿಂದ ಬಂದರಿನವರೆಗೆ
ಕೈಗಾಡಿ ಸುರಿಸಿಕೊಂಡು ಹೋದ ಹನಿಗಳನ್ನು ಬರೆದೆ;
ಮುಂದಿನದು ಬರೆಯುವಷ್ಟರಲ್ಲಿ ಹಿಂದಿನದು ಆರಿರುತ್ತಿತ್ತು.
ನೀಲಿ ತಾಡಪತ್ರಿ ಬರೆದೆ.
ಲೋಕಲ್ ಬಾಗಿಲಲ್ಲಿ ಹಾರುವ ಜಡೆ ಬರೆದು ಹರಿದೆ.
ಕೊನೆಗೆ ಬೊಂಬಿಲ್, ಮೈಯೆಲ್ಲ ನೀರೇ ಆದ ಮೀನು.
ಮೆಚ್ಚಿದರು. ಆಮೇಲೆ ಒಂದೇ ಪ್ರಶ್ನೆ:
"ಇದರ ಮೇಲು ಯಾವ ಕಡೆ?"

ಹೆಗಲ ಮೇಲೆ ಹೊಲಿಗೆ ಇಲ್ಲವಂತೆ.
ಒಂದೇ ತುಂಡು ಮುಂದಿನಿಂದ ಹತ್ತಿ, ಹೆಗಲು ದಾಟಿ,
ಬೆನ್ನಿಗಿಳಿದು ಹಿಮ್ಮಡಿ ಮುಟ್ಟುವುದು.
ಎದೆಯ ಮೇಲೆ ಈಜಿದ ಮೀನು
ಬೆನ್ನ ಮೇಲೆ ತಲೆಕೆಳಗು.
ಸತ್ತು ತೇಲಿದ ಹಾಗೆ.

ಮೂರು ದಿನ ತಲೆ ಓಡಲಿಲ್ಲ.
ನಾಲ್ಕನೆಯ ಬೆಳಗು, ಕಿಟಕಿಯ ಕೆಳಗೆ,
ಬಿದಿರು ಗಳುಗಳ ನಡುವೆ ಧುರ್ಪತಾ ಭಾಂಜಿ
ಮೀನು ಒಣಹಾಕುತ್ತಿದ್ದಳು:
ಒಂದರ ದವಡೆಗೆ ಇನ್ನೊಂದರ ದವಡೆ ಸಿಕ್ಕಿಸಿ
ಹಗ್ಗದ ಆಚೆ ಒಂದು, ಈಚೆ ಒಂದು.
ಇದರ ಭಾರವೇ ಅದಕ್ಕೆ ಆಸರೆ.
ಹಗ್ಗ ಅಂದರೆ ಹೆಗಲು!
ಎಡಗಾಲಿಗೆ ಬಲಗಾಲ ಚಪ್ಪಲಿ ಮೆಟ್ಟಿ ಇಳಿದೆ.

ಅಳತೆಗೆಂದು ಕೋರಾ ಬಟ್ಟೆ ಸುತ್ತಿ ಪರದೆಯ ಮುಂದೆ ನಿಂತ ದಿನ
ಕುವಬಾರಾ ಸಾನ್ ಮಾತು ನಡುವೆಯೇ ನಿಲ್ಲಿಸಿದರು.
ನಾನು ಬಲಮಗ್ಗುಲನ್ನು ಮೇಲೆ ತಂದಿದ್ದೆ.
ಅದು ಹೆಣಕ್ಕೆ ಮಾತ್ರವಂತೆ.
ಥಟ್ಟನೆ ಗುಳೇದಗುಡ್ಡದ ಪಡಸಾಲೆ, ಅಜ್ಜನ ತಿಥಿ,
"ಅಪಸವ್ಯ" ಎಂದ ಕೂಡಲೇ ಅಪ್ಪ
ಜನಿವಾರವನ್ನು ಬಲ ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದ.
ಮಗ್ಗದ ಗುಣಿಯಲ್ಲಿ ಖಣ ನೆಯ್ದು
ಒಂದು ಕಡೆ ಇಳಿಬಿದ್ದ ಹೆಗಲು ಅದು.
ಬಿಚ್ಚಿದೆ. ಎಡವನ್ನು ಮೇಲೆ ತಂದು ಸುತ್ತಿಕೊಂಡೆ.
ಬದುಕಿದೆ.

ನಡುವಿಗೆ ಕಟ್ಟುವುದನ್ನು ಅವರು ಓಬಿ ಅನ್ನುತ್ತಾರೆ;
ನನ್ನ ವಹಿಯಲ್ಲಿ ಟೊಂಕಪಟ್ಟಿ ಅಂತಲೇ ಬರೆದಿದೆ.
ಅದಕ್ಕೆ ಚಿತ್ರ ಬೇಡವೆಂದೆ.
ಧುರ್ಪತಾ ಕಚ್ಚೆ ಬಿಗಿದು ಟೊಂಕ ಕಟ್ಟಿ ನಿಲ್ಲುವ
ಲುಗಡೆಯ ಹಸಿರು, ಒಗೆದು ಒಗೆದು ಬೂದಿಗೆ ತಿರುಗಿದ್ದು,
ಅಂಚಿಗೆ ಒಂದೆಳೆ ಕೆಂಪು.
ಆ ಹಸಿರು ಯಾವ ಡಬ್ಬಿಯಲ್ಲೂ ಸಿಗಲಿಲ್ಲ.
ಏಳು ಸಲ ಬಣ್ಣ ಕೆಡಿಸಿಯೇ ಹುಟ್ಟಿಸಬೇಕಾಯಿತು.

ಜುಲೈಯಲ್ಲಿ ಥಾನು ಬಂತು.
ದೋಣಿಗಳೆಲ್ಲ ದಡದಲ್ಲಿ, ಹಗ್ಗಗಳು ಖಾಲಿ.
ಧುರ್ಪತಾ ಕೈ ಒರೆಸಿಕೊಂಡು ಬಟ್ಟೆ ಮಗುಚಿ ನೋಡಿದಳು.
ಎರಡು ಮುಖಕ್ಕೂ ಒಂದೇ ನೀಲಿ, ಒಳಗು ಹೊರಗು ಇಲ್ಲ.
ಚೆಂದ ಅನ್ನಲಿಲ್ಲ. ಒಂದು ದವಡೆಯ ಮೇಲೆ ಬೆರಳಿಟ್ಟಳು:
"ಇದು ಕಚ್ಚಿಲ್ಲ. ಬರೇ ಮುಟ್ಟಿದೆ.
ಗಾಳಿ ಬಂದರೆ ಬೀಳುತ್ತದೆ."

ನಲವತ್ತು ಥಾನು ಆಗಲೇ ಬಣ್ಣ ಕುಡಿದು ಮುಗಿದಿತ್ತು.

ಅಲ್ಲೆಲ್ಲೋ ಈಗ ಬಾಣಬಿರುಸಿನ ರಾತ್ರಿ, ಹೊಳೆಯ ದಂಡೆ.
ಬೀಸಣಿಗೆ ಹಿಡಿದವರ ನಡುವೆ ಒಬ್ಬಳು
ಮೇಲೆ ನೋಡಲೆಂದು ಕತ್ತೆತ್ತಿದಾಗ
ಅವಳ ಎಡ ಹೆಗಲಿಂದ ಒಂದು ಮೀನು ಜಾರುತ್ತಿರಬಹುದು.
ಎಲ್ಲರ ಕಣ್ಣೂ ಆಕಾಶದಲ್ಲಿ.

ನಾನಿಲ್ಲಿ ಮಸಾಲೆ ಡಬ್ಬಿ ಸರಿಸಿ
ದವಡೆಯನ್ನು ಮತ್ತೆ ತುಂಬುತ್ತಿದ್ದೇನೆ,
ಒಂದು ಚೌಕ ಹೆಚ್ಚು,
ಒಂದು ಚೌಕ ಅಳಿಸಿ.